ಮಂಡಿಯ ಲಗಾಮು ಯಾರ ಕೈಯಲ್ಲಿ?

ಓದುಗರ ಪ್ರಶ್ನೆ, ತಜ್ಞರ ಉತ್ತರ

ಮಂಡಿನೋವು ಎಂದ ಕೂಡಲೇ ಮೂಳೆ ಸವೆದಿದೆ ಎಂದು ತೀರ್ಮಾನಿಸಿಬಿಡುವವರೇ ಹೆಚ್ಚು. ಮೂಳೆ ತಾನಾಗಿ ಅಲುಗುವುದಿಲ್ಲ, ಅದನ್ನು ಎಳೆದಾಡಿಸುವುದು ಸ್ನಾಯು. ಈ ಬಾರಿ ಬಂದ ಪತ್ರಗಳಲ್ಲಿ ಆ ಸ್ನಾಯುಗಳ ಬಗ್ಗೆ ಕೇಳಿದವನ್ನಷ್ಟೇ ಆರಿಸಿಕೊಂಡಿದ್ದೇವೆ.

ಪ್ರಶ್ನೆ: ಫಿಸಿಯೋಥೆರಪಿ ಮೊದಲ ವರ್ಷದಲ್ಲಿದ್ದೇನೆ. ಮಂಡಿಯನ್ನು ಆಡಿಸುವ ಸ್ನಾಯುಗಳ ಪಟ್ಟಿಯನ್ನು ಎಷ್ಟು ಬಾಯಿಪಾಠ ಮಾಡಿದರೂ ಎರಡು ದಿನಕ್ಕೆ ಮರೆತುಹೋಗುತ್ತದೆ. ಸುಲಭದ ದಾರಿ ಇದೆಯೇ?

ಉತ್ತರ: ಪಟ್ಟಿಯನ್ನು ಪಕ್ಕಕ್ಕಿಡಿ. ಕುರ್ಚಿಯ ಮೇಲೆ ಕುಳಿತು ನಿಮ್ಮ ಕಾಲನ್ನೇ ಮುಟ್ಟಿ ನೋಡಿ.

ತೊಡೆಯ ಮುಂಭಾಗವನ್ನು ತುಂಬಿಕೊಂಡಿರುವುದು ಕ್ವಾಡ್ರಿಸೆಪ್ಸ್. ಇದಕ್ಕೆ ನಾಲ್ಕು ತಲೆ. ಹೊರಬದಿಯ ವಾಸ್ಟಸ್ ಲ್ಯಾಟರಾಲಿಸ್ ನಾಲ್ಕರಲ್ಲಿ ದೊಡ್ಡದು. ಎಳೆಮಕ್ಕಳ ತೊಡೆಗೆ ಲಸಿಕೆ ಚುಚ್ಚುವುದು ಇದಕ್ಕೇ. ಕಾಲು ಬಿಗಿಹಿಡಿದಾಗ ಮಂಡಿಚಿಪ್ಪಿನ ಒಳಮಗ್ಗುಲಲ್ಲಿ ನೀರಿನ ಹನಿಯ ಆಕಾರದಲ್ಲಿ ಉಬ್ಬುವುದು ವಾಸ್ಟಸ್ ಮೀಡಿಯಾಲಿಸ್. ಇವೆರಡರ ನಡುವೆ, ಆಳದಲ್ಲಿ, ತೊಡೆಮೂಳೆಗೆ ಅಂಟಿಕೊಂಡಿರುವುದು ವಾಸ್ಟಸ್ ಇಂಟರ್‌ಮೀಡಿಯಸ್. ಅದರ ಮೇಲೆ ನೆಟ್ಟಗೆ ಇಳಿಯುವುದು ರೆಕ್ಟಸ್ ಫೀಮೊರಿಸ್. ಮೂರು ವಾಸ್ಟಸ್‌ಗಳು ತೊಡೆಮೂಳೆಯಿಂದ ಹೊರಟರೆ ರೆಕ್ಟಸ್ ಮಾತ್ರ ಸೊಂಟದ ಮೂಳೆಯಿಂದ ಹೊರಡುತ್ತದೆ. ಇದನ್ನು ಗಟ್ಟಿ ಮಾಡಿಕೊಳ್ಳಿ, ಮುಂದೆ ಹತ್ತು ಕಡೆ ಬೇಕಾಗುತ್ತದೆ. ನಾಲ್ಕೂ ಕೂಡಿ ಒಂದೇ ರಜ್ಜುವಾಗಿ (ಸ್ನಾಯುವನ್ನು ಮೂಳೆಗೆ ಕಟ್ಟುವ ಹುರಿ) ಮಂಡಿಚಿಪ್ಪನ್ನು ಹಿಡಿಯುತ್ತವೆ. ಚಿಪ್ಪಿನ ಕೆಳತುದಿಯಿಂದ ಪಟೆಲ್ಲಾರ್ ಲಿಗಮೆಂಟ್ ಎಂಬ ಗಟ್ಟಿ ಪಟ್ಟಿ ಇಳಿದು ಟಿಬಿಯಾ (ಮಂಡಿಯ ಕೆಳಗಿನ ದಪ್ಪ ಮೂಳೆ) ಮೂಳೆಯ ಮುಂದಿನ ಉಬ್ಬಿಗೆ ಕಚ್ಚಿಕೊಳ್ಳುತ್ತದೆ. ನಾಲ್ಕಕ್ಕೂ ಫೀಮೊರಲ್ ನರ. ಮಂಡಿಯನ್ನು ನೀಡುವ, ಅಂದರೆ ನೆಟ್ಟಗೆ ಚಾಚುವ, ಕೆಲಸ ಇವುಗಳದ್ದು.

ಇನ್ನು ಹಿಂಭಾಗ. ಮಂಡಿಯ ಹಿಂದಿನ ಹಳ್ಳದ ಎರಡೂ ಅಂಚಿಗೆ ಬೆರಳಿಟ್ಟು, ಹಿಮ್ಮಡಿಯನ್ನು ನೆಲಕ್ಕೊತ್ತಿ ಹಿಂದಕ್ಕೆಳೆಯಿರಿ. ಹೊರಬದಿಯಲ್ಲಿ ದಪ್ಪ ಹುರಿಯೊಂದು ಎದ್ದು ನಿಲ್ಲುತ್ತದೆ. ಅದು ಬೈಸೆಪ್ಸ್ ಫೀಮೊರಿಸ್, ಹೋಗಿ ಸೇರುವುದು ಟಿಬಿಯಾದ ಹೊರಪಕ್ಕದ ತೆಳು ಮೂಳೆಯಾದ ಫಿಬುಲಾದ ತಲೆಗೆ. ಒಳಬದಿಯಲ್ಲಿ ತೆಳ್ಳಗೆ, ತಂತಿಯಂತೆ ಸಿಗುವುದು ಸೆಮಿಟೆಂಡಿನೋಸಸ್. ಅದರ ಅಡಿಯಲ್ಲಿ ಅಗಲವಾಗಿ ಸೆಮಿಮೆಂಬ್ರನೋಸಸ್. ಈ ಮೂರಕ್ಕೆ ಒಟ್ಟಾಗಿ ಹ್ಯಾಮ್‌ಸ್ಟ್ರಿಂಗ್ ಎಂದು ಹೆಸರು. ಕುಳಿತಾಗ ಕುರ್ಚಿಗೆ ಒತ್ತುವ ಮೂಳೆಯಿಂದಲೇ ಮೂರೂ ಹೊರಡುತ್ತವೆ, ಬೈಸೆಪ್ಸ್‌ನ ಗಿಡ್ಡ ತಲೆಯನ್ನು ಬಿಟ್ಟು. ಅದು ತೊಡೆಮೂಳೆಯ ಹಿಂದಿನಿಂದ ಹೊರಡುತ್ತದೆ, ಅದರ ನರವೂ ಬೇರೆ. ಉಳಿದವಕ್ಕೆ ಸಯಾಟಿಕ್ ನರದ ಟಿಬಿಯಲ್ ಭಾಗವಾದರೆ ಗಿಡ್ಡ ತಲೆಗೆ ಕಾಮನ್ ಫಿಬುಲರ್ ಭಾಗ. ಪರೀಕ್ಷೆಯಲ್ಲಿ ಕೇಳುವುದು ಇದನ್ನೇ.

ಒಳಬದಿಗೆ ಇನ್ನಿಬ್ಬರು ಅತಿಥಿಗಳಿದ್ದಾರೆ. ಸೊಂಟದ ಮುಂತುದಿಯಿಂದ ತೊಡೆಯನ್ನು ಓರೆಯಾಗಿ ದಾಟಿ ಬರುವ ಸಾರ್ಟೋರಿಯಸ್ ದೇಹದ ಅತಿ ಉದ್ದದ ಸ್ನಾಯು. ಲ್ಯಾಟಿನ್‌ನಲ್ಲಿ ಸಾರ್ಟರ್ ಎಂದರೆ ದರ್ಜಿ. ದರ್ಜಿ ಕಾಲು ಮಡಚಿ ಕೂರುವ ಭಂಗಿಗೆ ಬೇಕಾದ ಎಳೆತವೆಲ್ಲ ಇದರಲ್ಲಿದೆ. ತೊಡೆಯ ಮುಂಭಾಗದಲ್ಲಿದ್ದೂ ಇದು ಮಂಡಿಯನ್ನು ಮಡಚುತ್ತದೆ. ಏಕೆಂದರೆ ಮಂಡಿಯ ಬಳಿ ಬರುವಷ್ಟರಲ್ಲಿ ಕೀಲಿನ ಅಚ್ಚಿನ ಹಿಂದಕ್ಕೆ ಸರಿದಿರುತ್ತದೆ. ಸ್ನಾಯು ಎಲ್ಲಿ ಹುಟ್ಟುತ್ತದೆ ಎನ್ನುವುದಕ್ಕಿಂತ ಕೀಲನ್ನು ಯಾವ ಬದಿಯಲ್ಲಿ ದಾಟುತ್ತದೆ ಎನ್ನುವುದು ಮುಖ್ಯ. ಇನ್ನೊಂದು ಗ್ರಾಸಿಲಿಸ್, ತೊಡೆಯ ಒಳಮಗ್ಗುಲಿನ ತೆಳು ಪಟ್ಟಿ. ಸಾರ್ಟೋರಿಯಸ್, ಗ್ರಾಸಿಲಿಸ್, ಸೆಮಿಟೆಂಡಿನೋಸಸ್ ಮೂರರ ರಜ್ಜುಗಳೂ ಟಿಬಿಯಾದ ಒಳಮೇಲ್ಭಾಗದಲ್ಲಿ ಬಾತುಕೋಳಿಯ ಪಾದದಂತೆ ಒಂದೇ ಕಡೆ ಹರಡಿಕೊಳ್ಳುತ್ತವೆ. ನೆನಪಿಗೆ ಒಂದು ಹಿಡಿಕೆ: ಇವು ಸೊಂಟದ ಮೂಳೆಯ ಮೂರು ಬೇರೆ ಭಾಗಗಳಿಂದ ಬರುತ್ತವೆ (ಇಲಿಯಮ್, ಪ್ಯೂಬಿಸ್, ಇಶಿಯಮ್), ಮೂರು ಬೇರೆ ನರಗಳ ಮಾತು ಕೇಳುತ್ತವೆ (ಫೀಮೊರಲ್, ಆಬ್ಟ್ಯುರೇಟರ್, ಸಯಾಟಿಕ್), ಇಳಿಯುವುದು ಮಾತ್ರ ಒಂದೇ ನಿಲ್ದಾಣದಲ್ಲಿ.

ಉಳಿದದ್ದು ಮೂರು. ಮೀನಖಂಡದ ಗ್ಯಾಸ್ಟ್ರಾಕ್ನೀಮಿಯಸ್ ತೊಡೆಮೂಳೆಯ ಕೆಳತುದಿಯ ಎರಡೂ ಗುಂಡುಗಳ ಹಿಂದಿನಿಂದ ಹೊರಟು ಹಿಮ್ಮಡಿಗೆ ಹೋಗುತ್ತದೆ. ಅದರ ಪಕ್ಕದ ಪ್ಲಾಂಟಾರಿಸ್ ಎಷ್ಟು ಸಣ್ಣದೆಂದರೆ ಕೆಲವರ ಕಾಲಿನಲ್ಲಿ ಅದು ಇರುವುದೇ ಇಲ್ಲ, ಅವರಿಗೆ ಅದರ ಕೊರತೆ ಗೊತ್ತೂ ಆಗುವುದಿಲ್ಲ. ಕೊನೆಯದು ಪಾಪ್ಲಿಟಿಯಸ್, ಮಂಡಿಯ ಹಿಂದೆ ಆಳದಲ್ಲಿ ಅಡಗಿರುವ ತ್ರಿಕೋನ.

ಎಣಿಸಿ: ನೀಡುವವು 4, ಮಡಚುವವು 8. ಈ 12ರಲ್ಲಿ ಮಂಡಿಯೊಂದನ್ನೇ ದಾಟುವವು ಮೂರು ವಾಸ್ಟಸ್‌ಗಳು, ಪಾಪ್ಲಿಟಿಯಸ್, ಜೊತೆಗೆ ಬೈಸೆಪ್ಸ್‌ನ ಗಿಡ್ಡ ತಲೆ. ಮಿಕ್ಕವೆಲ್ಲ ಎರಡು ಮನೆಯ ಆಳುಗಳು: ಒಂದೋ ಸೊಂಟದ ಕೀಲಿಗೂ ದುಡಿಯುತ್ತವೆ, ಇಲ್ಲವೇ ಪಾದದ ಕೀಲಿಗೂ ದುಡಿಯುತ್ತವೆ. ಕೆಳಗಿನ ಪ್ರಶ್ನೆಗಳಲ್ಲಿ ಅರ್ಧದಷ್ಟಕ್ಕೆ ಉತ್ತರ ಈ ಒಂದು ಮಾತಿನಲ್ಲಿದೆ.

ಪ್ರಶ್ನೆ: ನಿಂತುಕೊಂಡು ಕಾಲನ್ನು ಹಿಂದಕ್ಕೆ ಮಡಚಿದರೆ ಹಿಮ್ಮಡಿ ಪೃಷ್ಠವನ್ನು ಮುಟ್ಟುವುದಿಲ್ಲ. ಕೈಯಿಂದ ಎಳೆದರೆ ಮುಟ್ಟುತ್ತದೆ. ನನ್ನ ಸ್ನಾಯು ದುರ್ಬಲವಾಗಿದೆಯೇ?

ಉತ್ತರ: ಇಲ್ಲ. ಬಲಶಾಲಿಗಳಿಗೂ ಹೀಗೇ ಆಗುತ್ತದೆ. ನಿಂತಾಗ ಸೊಂಟ ನೆಟ್ಟಗಿರುವುದರಿಂದ ಹ್ಯಾಮ್‌ಸ್ಟ್ರಿಂಗ್ ಮೇಲಿನ ತುದಿಯಲ್ಲಿ ಆಗಲೇ ಗಿಡ್ಡವಾಗಿರುತ್ತದೆ. ಮಂಡಿಯನ್ನೂ ಮಡಚುತ್ತಾ ಹೋದಂತೆ ಇನ್ನಷ್ಟು ಗಿಡ್ಡವಾಗಿ, ಒಂದು ಹಂತದಲ್ಲಿ ಎಳೆಯಲು ಅದರಲ್ಲಿ ಉದ್ದವೇ ಉಳಿಯುವುದಿಲ್ಲ. ಕೆಲವರಿಗೆ ಅಲ್ಲೇ ಸ್ನಾಯು ಹಿಡಿದುಕೊಳ್ಳುವುದೂ ಉಂಟು. ಜೊತೆಗೆ ಎದುರು ಬದಿಯ ರೆಕ್ಟಸ್ ಫೀಮೊರಿಸ್ ಸೊಂಟ, ಮಂಡಿ ಎರಡರ ಮೇಲೂ ಹಿಗ್ಗಿ ಬಿಗಿಯಾಗಿ ತಡೆಯುತ್ತದೆ. ಸೊಂಟ ನೆಟ್ಟಗಿದ್ದಾಗ ಸ್ವಂತ ಬಲದಿಂದ ಮಂಡಿ ಸುಮಾರು 120 ಡಿಗ್ರಿ ಮಡಚುತ್ತದೆ, ಸೊಂಟ ಬಗ್ಗಿಸಿದಾಗ ಸುಮಾರು 140. ಕೈಯಿಂದ ಎಳೆದರೆ ಅಥವಾ ಕುಕ್ಕರಗಾಲಲ್ಲಿ ಮೈಭಾರ ಬಿಟ್ಟರೆ 160ರ ಹತ್ತಿರಕ್ಕೂ ಹೋದೀತು. ಅಂಗಾತ ಮಲಗಿ ತೊಡೆಯನ್ನು ಹೊಟ್ಟೆಯ ಕಡೆ ತಂದು ಮಡಚಿ ನೋಡಿ, ಹಿಮ್ಮಡಿ ಎಷ್ಟು ಹತ್ತಿರ ಬರುತ್ತದೆಂದು ಗೊತ್ತಾಗುತ್ತದೆ.

ಬಿಗಿ ಎಲ್ಲಿದೆ ಎಂದು ಪತ್ತೆ ಹಚ್ಚಬೇಕಾದರೆ ಬೋರಲು ಮಲಗಿ, ಇನ್ನೊಬ್ಬರಿಂದ ಮಂಡಿ ಮಡಚಿಸಿಕೊಳ್ಳಿ. ಮಡಚುವಾಗ ಆ ಬದಿಯ ಸೊಂಟ ಹಾಸಿಗೆಯಿಂದ ಮೇಲೇಳುತ್ತದೆಯೇ? ಹಾಗಾದರೆ ರೆಕ್ಟಸ್ ಬಿಗಿಯಾಗಿದೆ. ಅದನ್ನು ಸಡಿಲಿಸಲು ನಿಂತು ಪಾದ ಹಿಡಿದೆಳೆಯುವವರು ಮಾಡುವ ತಪ್ಪು ಒಂದೇ: ಮಂಡಿಯನ್ನು ಮುಂದಕ್ಕೆ ಬಿಟ್ಟು, ನಡುವನ್ನು ಒಳಕ್ಕೆ ಬಾಗಿಸುವುದು. ಆಗ ಸೊಂಟ ಬಗ್ಗಿ ಎಳೆತವೆಲ್ಲ ಸೋರಿಹೋಗುತ್ತದೆ. ಪೃಷ್ಠ ಬಿಗಿಹಿಡಿದು, ಮಂಡಿ ನೆಲದ ಕಡೆ ನೋಡುವಂತೆ ಇಟ್ಟುಕೊಂಡು 30 ಸೆಕೆಂಡು ನಿಲ್ಲಿ. ಹಿಮ್ಮಡಿ ಪೃಷ್ಠಕ್ಕೆ ತಾಗದಿದ್ದರೂ ಚಿಂತೆಯಿಲ್ಲ.

ಪ್ರಶ್ನೆ: ಆರಾಮವಾಗಿ ನಿಂತಿದ್ದಾಗ ಮಂಡಿಚಿಪ್ಪನ್ನು ಬೆರಳಿನಿಂದ ಆಚೀಚೆ ಸರಿಸಬಹುದು. ಸ್ವಲ್ಪವೇ ಬಗ್ಗಿದರೂ ಅದು ಗಟ್ಟಿಯಾಗಿ ಕೂತುಬಿಡುತ್ತದೆ. ಏಕೆ?

ಉತ್ತರ: ಒಳ್ಳೆಯ ಗಮನಿಕೆ. ನೆಟ್ಟಗೆ ನಿಂತಾಗ ಮೈಭಾರದ ಗೆರೆ ಮಂಡಿಯ ಅಚ್ಚಿಗಿಂತ ಸ್ವಲ್ಪ ಮುಂದೆ ಬೀಳುತ್ತದೆ, ಆದ್ದರಿಂದ ಭಾರವೇ ಮಂಡಿಯನ್ನು ನೀಡಿ ಹಿಡಿಯುತ್ತದೆ. ಹಿಂದಿನ ಲಿಗಮೆಂಟುಗಳು ಅದು ಹಿಂದಕ್ಕೆ ಬಾಗದಂತೆ ತಡೆಯುತ್ತವೆ. ಕ್ವಾಡ್ರಿಸೆಪ್ಸ್‌ಗೆ ರಜೆ, ಚಿಪ್ಪು ಸಡಿಲ. ಬಗ್ಗಿದ ಕ್ಷಣ ಭಾರದ ಗೆರೆ ಅಚ್ಚಿನ ಹಿಂದಕ್ಕೆ ಸರಿಯುತ್ತದೆ, ಕುಸಿಯದಂತೆ ಹಿಡಿಯಲು ಕ್ವಾಡ್ರಿಸೆಪ್ಸ್ ಬಿಗಿಯಲೇಬೇಕು.

ಮಂಡಿ ಪೂರ್ತಿ ನೆಟ್ಟಗಾಗುವ ಕೊನೆಯ ಹಂತದಲ್ಲಿ ಬೀಗವೂ ಬೀಳುತ್ತದೆ. ತೊಡೆಮೂಳೆಯ ಒಳಗುಂಡು ಹೊರಗುಂಡಿಗಿಂತ ಉದ್ದವಾದ್ದರಿಂದ ಕೀಲು ನೆಟ್ಟಗಾಗುತ್ತಾ ತಿರುಪಿನಂತೆ ಒಂದಿಷ್ಟು ತಿರುಗಿ ಕೂರುತ್ತದೆ. ಪಾದ ನೆಲದಲ್ಲಿದ್ದರೆ ತೊಡೆಮೂಳೆ ಒಳಕ್ಕೆ, ಕಾಲು ಗಾಳಿಯಲ್ಲಿದ್ದರೆ ಟಿಬಿಯಾ ಹೊರಕ್ಕೆ. ಮಡಚಬೇಕಾದರೆ ಮೊದಲು ಈ ತಿರುಪು ಬಿಚ್ಚಬೇಕು. ಅದು ಪಾಪ್ಲಿಟಿಯಸ್‌ನ ಕೆಲಸ: ನಿಂತಾಗ ತೊಡೆಮೂಳೆಯನ್ನು ಹೊರಕ್ಕೆ ತಿರುಗಿಸಿ ಬೀಗ ತೆಗೆದುಕೊಡುತ್ತದೆ, ಆಮೇಲೆ ದೊಡ್ಡವರು ಎಳೆಯುತ್ತಾರೆ.

ಪ್ರಶ್ನೆ: ಮಂಡಿ ಮಡಚುವುದು, ನೀಡುವುದು ಬಿಟ್ಟರೆ ತಿರುಗುವುದೂ ಉಂಟೇ?

ಉತ್ತರ: ಉಂಟು, ಮಡಚಿದಾಗ ಮಾತ್ರ. ಕುರ್ಚಿಯಲ್ಲಿ ಕುಳಿತು, ತೊಡೆ ಅಲುಗದಂತೆ ಹಿಡಿದು, ಹಿಮ್ಮಡಿಯನ್ನು ಅಲ್ಲೇ ಊರಿ ಪಾದದ ತುದಿಯನ್ನು ಹೊರಕ್ಕೆ ತಿರುಗಿಸಿ. ಮಂಡಿಯ ಹಿಂದೆ ಹೊರಬದಿಯ ಹುರಿ, ಅಂದರೆ ಬೈಸೆಪ್ಸ್, ಬಿಗಿಯುತ್ತದೆ. ಒಳಕ್ಕೆ ತಿರುಗಿಸಿದರೆ ಒಳಬದಿಯ ಹುರಿಗಳು ಬಿಗಿಯುತ್ತವೆ. ಹೊರಕ್ಕೆ ತಿರುಗಿಸುವವನು ಹೆಚ್ಚುಕಡಿಮೆ ಒಬ್ಬನೇ, ಒಳಕ್ಕೆ ಐದು ಮಂದಿ.

ಪ್ರಶ್ನೆ: ಮೆಟ್ಟಿಲು ಹತ್ತುವುದು ಅಷ್ಟೇನೂ ಕಷ್ಟವಿಲ್ಲ, ಇಳಿಯುವಾಗ ಮಂಡಿಚಿಪ್ಪಿನ ಸುತ್ತ ನೋವು. ಇಳಿಯುವುದು ಸುಲಭವಲ್ಲವೇ?

ಉತ್ತರ: ಉಸಿರಿಗೆ ಸುಲಭ, ಮಂಡಿಗಲ್ಲ. ಇಳಿಯುವಾಗ ಕೆಳಗಿನ ಮೆಟ್ಟಿಲಿಗೆ ಚಾಚಿದ ಕಾಲನ್ನಷ್ಟೇ ನಾವು ಗಮನಿಸುತ್ತೇವೆ. ಕೆಲಸ ಮಾಡುತ್ತಿರುವುದು ಮೇಲಿನ ಮೆಟ್ಟಿಲಲ್ಲಿ ಉಳಿದ ಕಾಲು. ಅದರ ಮಂಡಿ ನಿಧಾನವಾಗಿ ಮಡಚಿಕೊಳ್ಳುತ್ತಾ ಇಡೀ ಮೈಯನ್ನು ಕೆಳಗಿಳಿಸುತ್ತದೆ. ಬಾವಿಗೆ ಕೊಡ ಬಿಡುವಾಗ ಹಗ್ಗವನ್ನು ಕೈಯಲ್ಲಿ ಬಿಗಿಹಿಡಿದೇ ಸಡಿಲಿಸುತ್ತೇವಲ್ಲ, ಹಾಗೆ ಕ್ವಾಡ್ರಿಸೆಪ್ಸ್ ಹಿಗ್ಗುತ್ತಲೇ ಭಾರ ಹಿಡಿದಿರುತ್ತದೆ. ಮಂಡಿ ಹೆಚ್ಚು ಮಡಚಿದಷ್ಟೂ ಚಿಪ್ಪು ತೊಡೆಮೂಳೆಯ ಮೇಲೆ ಹೆಚ್ಚು ಒತ್ತುತ್ತದೆ. ಸಮತಟ್ಟು ನೆಲದ ನಡಿಗೆಯಲ್ಲಿ ಈ ಒತ್ತಡ ಸುಮಾರು ಮೈತೂಕದ ಅರ್ಧ. ಮೆಟ್ಟಿಲಲ್ಲಿ ಮೂರು ಪಟ್ಟು ದಾಟುತ್ತದೆ. ಪೂರ್ತಿ ಕುಕ್ಕರಿಸಿದರೆ ಏಳು ಪಟ್ಟಿನ ಆಸುಪಾಸು.

ತಕ್ಷಣಕ್ಕೆ: ಏರುವಾಗ ನೋವಿಲ್ಲದ ಕಾಲು ಮೊದಲು, ಇಳಿಯುವಾಗ ನೋವಿನ ಕಾಲು ಮೊದಲು, ಕಟಕಟೆ ಹಿಡಿದು. ಕಾರಣ ಮೇಲೆ ಹೇಳಿದ್ದೇ. ಆದರೆ ಇದನ್ನೇ ಅಭ್ಯಾಸ ಮಾಡಿಕೊಂಡರೆ ನೋವಿನ ಕಾಲಿನ ಸ್ನಾಯು ಇನ್ನೂ ಸೊರಗುತ್ತದೆ. ಆದ್ದರಿಂದ ದಿನ ಬಿಟ್ಟು ದಿನ ಮೆಟ್ಟಿಲ ಇಳಿಕೆಯನ್ನೇ ಸಣ್ಣ ಅಳತೆಯಲ್ಲಿ ಕಲಿಸಿ. 10 ಸೆಂ.ಮೀ. ಎತ್ತರದ ಗಟ್ಟಿ ಹಲಗೆಯ ಮೇಲೆ ನೋವಿನ ಕಾಲಲ್ಲಿ ನಿಂತು, ಗೋಡೆಗೆ ಒಂದು ಕೈ ತಾಗಿಸಿ, ಇನ್ನೊಂದು ಕಾಲಿನ ಹಿಮ್ಮಡಿ ಮುಂದೆ ನೆಲಕ್ಕೆ ತಾಗುವವರೆಗೆ ಮೂರು ಸೆಕೆಂಡು ತೆಗೆದುಕೊಂಡು ಇಳಿಯಿರಿ, ಮತ್ತೆ ಮೇಲೇಳಿ. 8ರಿಂದ 10 ಸಲ, ಮೂರು ಸರದಿ. ನೋವು ಹತ್ತರಲ್ಲಿ ಮೂರು ದಾಟಬಾರದು, ಮರುದಿನ ಬೆಳಿಗ್ಗೆಗೆ ಮೊದಲಿನ ಮಟ್ಟಕ್ಕೆ ಇಳಿದಿರಬೇಕು. ಎರಡು ವಾರ ಹಾಗೆ ನಡೆದರೆ 15 ಸೆಂ.ಮೀ.ಗೆ ಏರಿಸಿ.

ಕೆಡುವುದು ಎಲ್ಲಿ? ಕನ್ನಡಿಯ ಮುಂದೆ ಮಾಡಿ. ಮಂಡಿ ಹೆಬ್ಬೆರಳಿನ ಗೆರೆ ದಾಟಿ ಒಳಕ್ಕೆ ಕುಸಿದರೆ ದೋಷ ಹೆಚ್ಚಾಗಿ ಮಂಡಿಯದ್ದಲ್ಲ, ಸೊಂಟದ ಪಕ್ಕದ ಗ್ಲೂಟಿಯಸ್ ಮೀಡಿಯಸ್ ತೊಡೆಯನ್ನು ಹಿಡಿದುಕೊಂಡಿಲ್ಲ. ನಿಂತ ಕಾಲಿನ ಹಿಮ್ಮಡಿ ಏಳುತ್ತಿದ್ದರೆ ಮೀನಖಂಡದ ಆಳದ ಸೋಲಿಯಸ್ ಬಿಗಿಯಾಗಿದೆ. ಮಾಡಿದ ಒಂದೆರಡು ದಿನದಲ್ಲಿ ತೊಡೆಯ ನಡುವೆ ನೋವು ಬಂದರೆ ಅದು ಸ್ನಾಯುವಿನದ್ದು, ತಾನಾಗಿ ಇಳಿಯುತ್ತದೆ. ಕೀಲು ಊದಿಕೊಂಡರೆ ನಿಲ್ಲಿಸಿ.

ಪ್ರಶ್ನೆ: ಮಂಡಿಯ ಶಸ್ತ್ರಚಿಕಿತ್ಸೆಯಾಗಿ ಮೂರು ವಾರ. ತೊಡೆ ಸೊರಗಿಹೋಗಿದೆ. ಬಿಗಿಹಿಡಿ ಎಂದರೆ ಸ್ನಾಯು ಮಾತೇ ಕೇಳುತ್ತಿಲ್ಲ. ನರ ಕಡಿದುಹೋಗಿದೆಯೇ ಎಂಬ ಭಯ.

ಉತ್ತರ: ನರ ಕಡಿದಿರುವ ಸಾಧ್ಯತೆ ತೀರಾ ಕಡಿಮೆ, ಆದರೂ ಮುಂದಿನ ಭೇಟಿಯಲ್ಲಿ ಕೇಳಿ ಖಚಿತ ಮಾಡಿಕೊಳ್ಳಿ. ಕೀಲಿನೊಳಗೆ ನೀರು ತುಂಬಿ ಪೊರೆ ಹಿಗ್ಗಿದಾಗ ಅಲ್ಲಿಂದ ಹೋಗುವ ಸಂದೇಶಗಳು ಬೆನ್ನುಹುರಿಯ ಮಟ್ಟದಲ್ಲೇ ಕ್ವಾಡ್ರಿಸೆಪ್ಸ್‌ನ ಅಪ್ಪಣೆಯನ್ನು ತಡೆದುಬಿಡುತ್ತವೆ. ನೋವೇ ಇಲ್ಲದಿದ್ದರೂ ಈ ತಡೆ ಇರುತ್ತದೆ. 20ರಿಂದ 30 ಮಿ.ಲೀ. ನೀರು ಸಾಕು, ಮೊದಲು ಸುಮ್ಮನಾಗುವುದು ವಾಸ್ಟಸ್ ಮೀಡಿಯಾಲಿಸ್. ಆದ್ದರಿಂದ ಊತ ಇಳಿಸುವುದೇ ಮೊದಲ ವ್ಯಾಯಾಮ: ಕಾಲನ್ನು ಎದೆಮಟ್ಟಕ್ಕಿಂತ ಮೇಲಿಡುವುದು, ಬಟ್ಟೆಯಲ್ಲಿ ಸುತ್ತಿದ ಐಸ್ 15 ನಿಮಿಷ, ವೈದ್ಯರು ಹೇಳಿದಂತೆ ಮಂಡಿಗೆ ಸುತ್ತುವ ಪಟ್ಟಿ.

ಆಮೇಲೆ ಹೀಗೆ. ಕಾಲು ಚಾಚಿ ಕುಳಿತು, ಮಣಿಕಟ್ಟಿನ ದಪ್ಪಕ್ಕೆ ಸುತ್ತಿದ ಟವೆಲನ್ನು ಮಂಡಿಯ ಕೆಳಗಿಡಿ. ಟವೆಲನ್ನು ಮಂಡಿಯ ಹಿಂಭಾಗದಿಂದ ಕೆಳಕ್ಕೊತ್ತಿ, ಐದು ಸೆಕೆಂಡು ಹಿಡಿಯಿರಿ, ಅಷ್ಟೇ ಹೊತ್ತು ಬಿಡಿ. 10 ಸಲ, ದಿನಕ್ಕೆ ನಾಲ್ಕು ಬಾರಿ. ಎರಡು ಬೆರಳನ್ನು ಮಂಡಿಚಿಪ್ಪಿನ ಮೇಲಂಚಿಗೆ ಇಟ್ಟುಕೊಂಡಿರಿ. ಚಿಪ್ಪು ತೊಡೆಯ ಕಡೆ ಒಂದಿಷ್ಟು ಸರಿದರೆ ಕ್ವಾಡ್ರಿಸೆಪ್ಸ್ ಎದ್ದಿದೆ ಎಂದರ್ಥ. ಚಿಪ್ಪು ಅಲುಗದೆ ಹಿಮ್ಮಡಿ ಮಾತ್ರ ಹಾಸಿಗೆಗೆ ಒತ್ತುತ್ತಿದ್ದರೆ ನೀವು ಪೃಷ್ಠ ಮತ್ತು ಹ್ಯಾಮ್‌ಸ್ಟ್ರಿಂಗ್‌ನಿಂದ ಮೋಸ ಮಾಡುತ್ತಿದ್ದೀರಿ. ಈ ಮೋಸ ತುಂಬಾ ಸಾಮಾನ್ಯ, ಎಷ್ಟೋ ಜನ ತಿಂಗಳುಗಟ್ಟಲೆ ತಪ್ಪು ಸ್ನಾಯುವಿಗೆ ವ್ಯಾಯಾಮ ಮಾಡಿಸಿರುತ್ತಾರೆ. ಹಿಡಿತ ಸಿಗದಿದ್ದರೆ ಮೊದಲು ಒಳ್ಳೆಯ ಕಾಲಲ್ಲಿ ಮಾಡಿ, ಆಮೇಲೆ ಎರಡರಲ್ಲೂ ಒಟ್ಟಿಗೆ. ಅದಕ್ಕೂ ಬಗ್ಗದಿದ್ದರೆ ಫಿಸಿಯೋಥೆರಪಿಸ್ಟ್ ವಿದ್ಯುತ್ ಪ್ರಚೋದನೆ ಕೊಡುತ್ತಾರೆ.

ಚಿಪ್ಪು ಸರಿಯಲು ಶುರುವಾದ ಮೇಲೆ ಕಾಲು ನೆಟ್ಟಗಿಟ್ಟು ಎತ್ತುವುದು. ಅಂಗಾತ ಮಲಗಿ, ಒಳ್ಳೆಯ ಕಾಲನ್ನು ಮಡಚಿ, ಮೊದಲು ಬಿಗಿಹಿಡಿದು ಆಮೇಲೆ 30 ಸೆಂ.ಮೀ. ಎತ್ತಿ. ಎತ್ತುವಾಗ ಮಂಡಿ ಐದು ಡಿಗ್ರಿಯಾದರೂ ಜೋಲು ಬಿದ್ದರೆ ಇನ್ನೂ ಹೊತ್ತಾಗಿಲ್ಲ, ಟವೆಲಿಗೇ ಹಿಂತಿರುಗಿ. ಎತ್ತುತ್ತಿರುವುದು ಸೊಂಟದ ಸ್ನಾಯು, ಮಂಡಿಯನ್ನು ನೀಡಿ ಹಿಡಿಯುವುದಷ್ಟೇ ಕ್ವಾಡ್ರಿಸೆಪ್ಸ್‌ನ ಪಾಲು; ಆ ಪಾಲೇ ನಡೆಯದಿದ್ದರೆ ಎತ್ತಿ ಫಲವಿಲ್ಲ.

ಒಂದು ಎಚ್ಚರಿಕೆ: ಹಾಯಾಗಿದೆಯೆಂದು ಮಂಡಿಯ ಕೆಳಗೆ ದಿಂಬಿಟ್ಟು ರಾತ್ರಿಯೆಲ್ಲ ಮಲಗಬೇಡಿ. ಮಂಡಿ ಬಾಗಿದಲ್ಲೇ ಬಿಗಿದುಕೊಂಡರೆ ನೆಟ್ಟಗೆ ಮಾಡುವುದು ಬಲು ಕಷ್ಟ. ದಿಂಬು ಇಡಲೇಬೇಕಾದರೆ ಹಿಮ್ಮಡಿಯ ಕೆಳಗೆ. ಸುಧಾರಣೆ ಅಳೆಯಲು ಚಿಪ್ಪಿನ ಮೇಲಂಚಿನಿಂದ 15 ಸೆಂ.ಮೀ. ಮೇಲೆ ಗುರುತು ಹಾಕಿ, ಎರಡೂ ತೊಡೆಯ ಸುತ್ತಳತೆಯನ್ನು ಎರಡು ವಾರಕ್ಕೊಮ್ಮೆ ಬರೆದಿಡಿ. ಒಂದು ಸೆಂ.ಮೀ. ವ್ಯತ್ಯಾಸ ಆರೋಗ್ಯವಂತರಲ್ಲೂ ಇರುತ್ತದೆ.

ಪ್ರಶ್ನೆ: ಕೊನೆಯ 15 ಡಿಗ್ರಿ ನೀಡುವುದು ವಾಸ್ಟಸ್ ಮೀಡಿಯಾಲಿಸ್ ಮಾತ್ರ, ಅದಕ್ಕೇ ಪ್ರತ್ಯೇಕ ವ್ಯಾಯಾಮ ಬೇಕು ಎನ್ನುತ್ತಾರೆ ಜಿಮ್‌ನ ತರಬೇತುದಾರರು. ನಿಜವೇ?

ಉತ್ತರ: ಅರ್ಧ ಶತಮಾನದ ಹಿಂದೆಯೇ ಬಿದ್ದುಹೋದ ವಾದ, ಜಿಮ್‌ಗಳಲ್ಲಿ ಇನ್ನೂ ಜೀವಂತ. 1968ರಲ್ಲಿ ಲೀಬ್ ಮತ್ತು ಪೆರ್ರಿ ಎಂಬ ಸಂಶೋಧಕರು ಶಸ್ತ್ರಚಿಕಿತ್ಸೆಯಲ್ಲಿ ಕತ್ತರಿಸಿ ತೆಗೆದ ಕಾಲುಗಳಲ್ಲಿ ಒಂದೊಂದೇ ತಲೆಯನ್ನು ಎಳೆದು ನೋಡಿದರು. ಕೊನೆಯ 15 ಡಿಗ್ರಿಗೆ ಒಟ್ಟು ಬಲವೇ ಸುಮಾರು 60 ಶೇಕಡಾ ಹೆಚ್ಚು ಬೇಕು ಎಂಬುದು ಅವರಿಗೆ ಸಿಕ್ಕ ಉತ್ತರ. ಮೀಡಿಯಾಲಿಸ್‌ನ ಕೆಳಭಾಗದ ಓರೆ ಎಳೆಗಳು ಒಂಟಿಯಾಗಿ ಮಂಡಿಯನ್ನು ನೀಡಲಾರವು. ತೊಡೆಮೂಳೆಯ ಗೆರೆಗೆ ಸುಮಾರು 50 ಡಿಗ್ರಿ ಓರೆಯಾಗಿ ಬರುವ ಅವುಗಳ ಕೆಲಸ ಚಿಪ್ಪು ಹೊರಕ್ಕೆ ಜಾರದಂತೆ ಒಳಕ್ಕೆಳೆದು ಹಿಡಿಯುವುದು. ಚರ್ಮದ ಕೆಳಗೇ ಇರುವುದರಿಂದ ಸೊರಗಿದಾಗ ಮೊದಲು ಕಣ್ಣಿಗೆ ಬೀಳುವುದು ಅದು, ಹಾಗಾಗಿ ಅಪವಾದವೂ ಅದರ ತಲೆಗೇ. ಪಾದವನ್ನು ಹೊರಕ್ಕೆ ತಿರುಗಿಸಿಯೋ ತೊಡೆಗಳ ನಡುವೆ ಚೆಂಡು ಒತ್ತಿಯೋ ಅದೊಂದನ್ನೇ ಬೆಳೆಸಲು ಆಗುವುದಿಲ್ಲ. ಇಡೀ ಕ್ವಾಡ್ರಿಸೆಪ್ಸ್ ಬೆಳೆಸಿ, ಅದೂ ಬೆಳೆಯುತ್ತದೆ.

ಪ್ರಶ್ನೆ: ಜೋರಾಗಿ ಓಡುವಾಗ ತೊಡೆಯ ಹಿಂಭಾಗದಲ್ಲಿ ಚಾಟಿಯಲ್ಲಿ ಹೊಡೆದಂತಾಯಿತು. ಆರು ವಾರ ಬಿಟ್ಟು ಓಡಿದೆ, ಮತ್ತೆ ಅದೇ ಜಾಗ.

ಉತ್ತರ: ಓಟಗಾರರಲ್ಲಿ ಹೆಚ್ಚಾಗಿ ಹರಿಯುವುದು ಬೈಸೆಪ್ಸ್‌ನ ಉದ್ದ ತಲೆ. ಹರಿಯುವ ಗಳಿಗೆ ಕಾಲು ಮುಂದಕ್ಕೆ ಬೀಸಿ, ಪಾದ ಇನ್ನೇನು ನೆಲ ಮುಟ್ಟಬೇಕು ಎನ್ನುವಾಗ. ಆಗ ಸೊಂಟ ಬಗ್ಗಿದೆ, ಮಂಡಿ ನೆಟ್ಟಗಾಗುತ್ತಿದೆ, ಅಂದರೆ ಎರಡು ತುದಿಯಿಂದಲೂ ಸ್ನಾಯು ಹಿಗ್ಗಿದೆ. ಅದೇ ಹೊತ್ತಿಗೆ ಮುನ್ನುಗ್ಗುವ ಕಾಲಿಗೆ ಬ್ರೇಕ್ ಹಾಕುವುದೂ ಅದರ ಪಾಲಿಗೇ ಬಿದ್ದಿದೆ.

ಆರು ವಾರ ಸುಮ್ಮನಿದ್ದದ್ದು ನೋವನ್ನು ಕಳೆಯಿತು, ಬಲವನ್ನು ತರಲಿಲ್ಲ. ಮೊದಲ ಐದಾರು ದಿನ ಎಳೆಯುವ ವ್ಯಾಯಾಮ ಬೇಡ, ನೋವಿಲ್ಲದಷ್ಟು ನಡಿಗೆ ಇರಲಿ. ಆಮೇಲೆ ಅಂಗಾತ ಮಲಗಿ ಮಂಡಿ ಮಡಚಿ ಸೊಂಟ ಎತ್ತುವುದು. ವಾರ ಕಳೆದಂತೆ ಹಿಮ್ಮಡಿಯನ್ನು ಪೃಷ್ಠದಿಂದ ದೂರ ಸರಿಸುತ್ತಾ ಹೋಗಿ, ಸ್ನಾಯು ಹಿಗ್ಗಿದ ಸ್ಥಿತಿಯಲ್ಲಿ ಭಾರ ಹೊರುವುದನ್ನು ಕಲಿಯುತ್ತದೆ. ಯಂತ್ರ ಬಳಸುವುದಾದರೆ ಬೋರಲು ಮಲಗುವುದಕ್ಕಿಂತ ಕುಳಿತು ಮಂಡಿ ಮಡಚುವುದು ಲೇಸು; ಸೊಂಟ ಬಗ್ಗಿರುವುದರಿಂದ ಸ್ನಾಯು ಉದ್ದದಲ್ಲಿ ದುಡಿಯುತ್ತದೆ. ಕೊನೆಗೆ ನಾರ್ಡಿಕ್: ಮಂಡಿಯೂರಿ, ಹಿಮ್ಮಡಿಗಳನ್ನು ಒಬ್ಬರಿಂದ ಹಿಡಿಸಿ, ಸೊಂಟ ಬಗ್ಗಿಸದೆ ಮೈಯನ್ನು ಆದಷ್ಟು ನಿಧಾನವಾಗಿ ಮುಂದಕ್ಕೆ ಇಳಿಸಿ, ಕೈಯೂರಿ ಎದ್ದು ಬನ್ನಿ. ಮೊದಲ ವಾರ 5 ಸಲ, ಎರಡು ಸರದಿ, ಒಂದೇ ದಿನ. ಹೆಚ್ಚು ಮಾಡಿದರೆ ಮೂರು ದಿನ ಕೂರಲಾಗದು.

ಮತ್ತೆ ಓಡುವ ಮುನ್ನ ಕಾಲು ನೆಟ್ಟಗೆತ್ತುವ ಎತ್ತರ ಎರಡೂ ಕಡೆ ಸಮನಿರಲಿ, ಸ್ನಾಯುವನ್ನು ಒತ್ತಿದರೆ ನೋವಿರಬಾರದು, ವೇಗವನ್ನು ಕಾಲು, ಅರ್ಧ, ಮುಕ್ಕಾಲು ಎಂದು ಏರಿಸಿ. ಇನ್ನು ಕುಳಿತುಕೊಳ್ಳುವ ಮೂಳೆಯ ಬಳಿಯೇ ಪಟ್ಟೆಂದು ಸದ್ದಾಗಿ, ತೊಡೆಯ ಹಿಂದೆ ಕಪ್ಪು ನೀಲಿ ಕಲೆ ಹರಡಿದ್ದರೆ ರಜ್ಜುವೇ ಮೂಳೆಯಿಂದ ಕಿತ್ತಿರಬಹುದು. ಅದಕ್ಕೆ ಎಂಆರ್‌ಐ ಬೇಕು, ಮನೆಮದ್ದಲ್ಲ.

ಪ್ರಶ್ನೆ: ಮಂಡಿಯೊಳಗಿನ ಮುಂದಿನ ಲಿಗಮೆಂಟ್ (ಎಸಿಎಲ್) ಜೋಡಣೆಗೆ ತೊಡೆಯ ಹಿಂದಿನ ರಜ್ಜುವನ್ನೇ ತೆಗೆಯುತ್ತೇವೆ ಎಂದಿದ್ದಾರೆ. ಮುಂದೆ ಮಂಡಿ ಮಡಚಲು ತೊಂದರೆಯಾಗದೇ?

ಉತ್ತರ: ಸಾಮಾನ್ಯವಾಗಿ ತೆಗೆಯುವುದು ಸೆಮಿಟೆಂಡಿನೋಸಸ್, ಕೆಲವೊಮ್ಮೆ ಜೊತೆಗೆ ಗ್ರಾಸಿಲಿಸ್. ಸೆಮಿಮೆಂಬ್ರನೋಸಸ್, ಬೈಸೆಪ್ಸ್ ಹಾಗೇ ಇರುವುದರಿಂದ ನಡಿಗೆ, ಮೆಟ್ಟಿಲಿಗೆ ಕೊರತೆ ಕಾಣುವುದಿಲ್ಲ. 90 ಡಿಗ್ರಿ ದಾಟಿ ಆಳವಾಗಿ ಮಡಚುವ ಬಲ ಮಾತ್ರ ಒಂದಿಷ್ಟು ಕಡಿಮೆಯಾಗಬಹುದು. ಬೋರಲು ಮಲಗಿ ಎರಡೂ ಹಿಮ್ಮಡಿಯನ್ನು ಪೃಷ್ಠದ ಕಡೆ ಎಳೆದರೆ ವ್ಯತ್ಯಾಸ ಗೊತ್ತಾಗುತ್ತದೆ. ತೆಗೆದ ರಜ್ಜು ಹಲವರಲ್ಲಿ ಮತ್ತೆ ಬೆಳೆಯುತ್ತದೆ, ಅಂಟುವ ಜಾಗ ಮೊದಲಿಗಿಂತ ಮೇಲೆ. ಮೊದಲ ನಾಲ್ಕರಿಂದ ಆರು ವಾರ ಭಾರ ಕಟ್ಟಿ ಮಂಡಿ ಮಡಚಬೇಡಿ. ಕುಳಿತು ಭಾರ ಕಟ್ಟಿ ಕಾಲು ನೀಡುವುದಕ್ಕೂ ಆರಂಭದಲ್ಲಿ ಮಿತಿ ಇದೆ: ನೆಟ್ಟಗಾಗುವ ಕೊನೆಯ ಹಂತದಲ್ಲಿ ಕ್ವಾಡ್ರಿಸೆಪ್ಸ್ ಟಿಬಿಯಾವನ್ನು ಮುಂದಕ್ಕೆಳೆದು ಹೊಸ ಲಿಗಮೆಂಟನ್ನು ಜಗ್ಗುತ್ತದೆ. ಹ್ಯಾಮ್‌ಸ್ಟ್ರಿಂಗ್ ಅದನ್ನು ಹಿಂದಕ್ಕೆಳೆದು ಕಾಯುತ್ತದೆ. ಅದಕ್ಕೇ ಅದನ್ನು ಮರಳಿ ಬೆಳೆಸುವುದನ್ನು ಮರೆಯಬಾರದು.

ಪ್ರಶ್ನೆ: ವೈದ್ಯರು ಮಂಡಿಯ ಕೆಳಗೆ ಸುತ್ತಿಗೆಯಿಂದ ತಟ್ಟುವುದೇಕೆ?

ಉತ್ತರ: ಪಟೆಲ್ಲಾರ್ ಲಿಗಮೆಂಟಿಗೆ ತಟ್ಟಿದಾಗ ಕ್ವಾಡ್ರಿಸೆಪ್ಸ್ ಕ್ಷಣಕಾಲ ಹಿಗ್ಗುತ್ತದೆ. ಆ ಸುದ್ದಿ ಬೆನ್ನುಹುರಿಗೆ ಹೋಗಿ, ಮಿದುಳನ್ನು ಕೇಳದೆಯೇ ‘ಬಿಗಿ’ ಎಂಬ ಆಜ್ಞೆ ಬರುತ್ತದೆ; ಜೊತೆಗೇ ಹ್ಯಾಮ್‌ಸ್ಟ್ರಿಂಗ್‌ಗೆ ‘ಸಡಿಲಿಸು’. ಸೊಂಟದ ಭಾಗದ 2ರಿಂದ 4ನೇ ನರಬೇರುಗಳು ಸರಿಯಿವೆಯೇ ಎಂದು ಇದರಿಂದ ತಿಳಿಯುತ್ತದೆ. 1875ರಲ್ಲಿ ಜರ್ಮನಿಯ ಎರ್ಬ್ ಮತ್ತು ವೆಸ್ಟ್‌ಫಾಲ್ ಇಬ್ಬರೂ ಬೇರೆಬೇರೆಯಾಗಿ ಇದನ್ನು ಪ್ರಕಟಿಸಿದರು. ಕಾಲು ಚಿಮ್ಮದಿದ್ದರೆ ಗಾಬರಿ ಬೇಡ, ಎರಡೂ ಕೈಬೆರಳುಗಳನ್ನು ಕೊಂಡಿ ಹಾಕಿ ಎಳೆಯಲು ಹೇಳಿ ಮತ್ತೆ ತಟ್ಟುತ್ತಾರೆ. ಎರಡೂ ಬದಿ ಸಮನಾಗಿದೆಯೇ ಎನ್ನುವುದು ಮುಖ್ಯ.

ಪ್ರಶ್ನೆ: ರಾತ್ರಿ ಮೀನಖಂಡ ಹಿಡಿದುಕೊಳ್ಳುತ್ತದೆ. ಮಂಡಿ ಮಡಚಿ ಉಜ್ಜಿದರೂ ಬಿಡುವುದಿಲ್ಲ.

ಉತ್ತರ: ಮಡಚುವುದೇ ತಪ್ಪು. ಗ್ಯಾಸ್ಟ್ರಾಕ್ನೀಮಿಯಸ್ ಮಂಡಿಯನ್ನೂ ದಾಟುವುದರಿಂದ ಮಡಚಿದರೆ ಇನ್ನೂ ಗಿಡ್ಡವಾಗುತ್ತದೆ. ಮಂಡಿ ನೆಟ್ಟಗಿಟ್ಟು ಪಾದದ ತುದಿಯನ್ನು ನಿಮ್ಮ ಕಡೆಗೆ ಎಳೆದು ಬಿಡುವವರೆಗೆ ಹಿಡಿಯಿರಿ. ಒಂದೇ ಕಾಲು ಊದಿಕೊಂಡು, ಬಿಸಿಯಾಗಿ, ನೋವು ಹಗಲೂ ಇದ್ದರೆ ಉಜ್ಜಬೇಡಿ, ರಕ್ತನಾಳದಲ್ಲಿ ಹೆಪ್ಪುಗಟ್ಟಿರಬಹುದು. ಅದೇ ದಿನ ವೈದ್ಯರಲ್ಲಿಗೆ ಹೋಗಿ.

ಪ್ರಶ್ನೆ: ಮಂಡಿಯ ಒಳಬದಿಯಲ್ಲಿ, ಕೀಲಿಗಿಂತ ನಾಲ್ಕು ಬೆರಳು ಕೆಳಗೆ, ಒತ್ತಿದರೆ ಜೀವ ಹೋಗುವಷ್ಟು ನೋವು. ಎಕ್ಸ್‌ರೇಯಲ್ಲಿ ಏನೂ ಇಲ್ಲ.

ಉತ್ತರ: ಮೊದಲ ಉತ್ತರದಲ್ಲಿ ಬಂದ ಬಾತುಕೋಳಿಯ ಪಾದ ಇರುವುದು ಅಲ್ಲೇ. ಅದರಡಿಯ ಪುಟ್ಟ ನೀರುಚೀಲ ಉರಿಯೆದ್ದಿರಬಹುದು. ಓಟವನ್ನು ಒಮ್ಮೆಲೇ ಹೆಚ್ಚಿಸಿದವರಲ್ಲಿ, ಮಂಡಿ ಸವೆತ, ಮಧುಮೇಹ, ಹೆಚ್ಚಿನ ತೂಕ ಇರುವವರಲ್ಲಿ ಇದು ಸಾಮಾನ್ಯ. ಮಗ್ಗುಲಾಗಿ ಮಲಗುವಾಗ ಮಂಡಿಗಳ ನಡುವೆ ದಿಂಬಿಡಿ, ನೋವೆಬ್ಬಿಸುವ ಕೆಲಸವನ್ನು ಎರಡು ಮೂರು ವಾರ ತಗ್ಗಿಸಿ, ಹ್ಯಾಮ್‌ಸ್ಟ್ರಿಂಗ್ ಸಡಿಲಿಸಿ. ನೋವು ಕೀಲಿನ ಗೆರೆಯಲ್ಲೇ ಇದ್ದರೆ ಮಾತ್ರ ಮೆನಿಸ್ಕಸ್ (ಕೀಲಿನೊಳಗಿನ ಮೆತ್ತೆ) ಬಗ್ಗೆ ಯೋಚಿಸಬೇಕು.

ಪ್ರಶ್ನೆ: ತಂದೆಯವರಿಗೆ 62. ಮೆಟ್ಟಿಲಲ್ಲಿ ಕಾಲು ಜಾರಿ ಮಂಡಿ ತಟ್ಟನೆ ಮಡಚಿತು, ‘ಟಪ್’ ಎಂದಿತಂತೆ. ಎಕ್ಸ್‌ರೇಯಲ್ಲಿ ಮೂಳೆ ಮುರಿದಿಲ್ಲ, ಉಳುಕು ಎಂದು ಮಾತ್ರೆ ಕೊಟ್ಟಿದ್ದಾರೆ. ಐದು ದಿನವಾಯಿತು, ಅಂಗಾತ ಮಲಗಿ ಕಾಲು ಎತ್ತಲು ಆಗುತ್ತಿಲ್ಲ.

ಉತ್ತರ: ಇವತ್ತೇ ಮೂಳೆತಜ್ಞರಿಗೆ ತೋರಿಸಿ. ಕ್ವಾಡ್ರಿಸೆಪ್ಸ್‌ನ ರಜ್ಜು ಹರಿದಿರುವ ಸಾಧ್ಯತೆ ದಟ್ಟವಾಗಿದೆ. 40 ದಾಟಿದವರಲ್ಲಿ ಚಿಪ್ಪಿನ ಮೇಲೆ, ಅದಕ್ಕಿಂತ ಚಿಕ್ಕವರಲ್ಲಿ ಚಿಪ್ಪಿನ ಕೆಳಗೆ ಹರಿಯುವುದು ಹೆಚ್ಚು. ಮಂಡಿಚಿಪ್ಪಿನ ಮೇಲಂಚಿನಿಂದ ತೊಡೆಯ ಕಡೆ ಬೆರಳಾಡಿಸಿ, ಗಟ್ಟಿ ಪಟ್ಟಿಯ ಬದಲು ಬೆರಳು ಒಳಹೋಗುವ ಹಳ್ಳ ಸಿಗಬಹುದು. ಊತ ಹೆಚ್ಚಿದ್ದರೆ ಹಳ್ಳ ಮುಚ್ಚಿಹೋಗಿರುತ್ತದೆ. ಎಕ್ಸ್‌ರೇಯಲ್ಲಿ ರಜ್ಜು ಕಾಣುವುದಿಲ್ಲ, ಆದರೆ ಚಿಪ್ಪು ಇರಬೇಕಾದ ಜಾಗಕ್ಕಿಂತ ಕೆಳಗಿಳಿದಿರುವುದನ್ನು ಹುಡುಕಿದರೆ ಕಾಣುತ್ತದೆ. ಅಲ್ಟ್ರಾಸೌಂಡ್ ಅಥವಾ ಎಂಆರ್‌ಐ ಖಚಿತಪಡಿಸುತ್ತದೆ.

ಪೂರ್ತಿ ಹರಿದ ರಜ್ಜು ತಾನಾಗಿ ಕೂಡುವುದಿಲ್ಲ. ಸ್ನಾಯು ತುದಿಯನ್ನು ಮೇಲಕ್ಕೆಳೆದುಕೊಳ್ಳುತ್ತಲೇ ಇರುತ್ತದೆ, ಆದ್ದರಿಂದ ಹೊಲಿಗೆ ಮೊದಲ ಎರಡು ವಾರದೊಳಗೆ ಆದರೆ ಒಳ್ಳೆಯದು. ತಡವಾದಷ್ಟೂ ತುದಿಗಳನ್ನು ಕೂಡಿಸುವುದು ಕಷ್ಟ. ಅಲ್ಲಿಯವರೆಗೆ ಮಂಡಿ ಮಡಚಿಸಿ ನೋಡಬೇಡಿ, ಕಾಲನ್ನು ನೆಟ್ಟಗೆ ಪಟ್ಟಿ ಕಟ್ಟಿ ಕರೆದೊಯ್ಯಿರಿ. ವೈದ್ಯರಿಗೆ ‘ಮಂಡಿನೋವು’ ಎಂದಷ್ಟೇ ಹೇಳಬೇಡಿ. ‘ಕಾಲನ್ನು ನೆಟ್ಟಗಿಟ್ಟು ಎತ್ತಲು ಆಗುತ್ತಿಲ್ಲ’ ಎಂದು ಇದೇ ಮಾತಿನಲ್ಲಿ ಹೇಳಿ.